ಕನ್ಯಾಕುಮಾರಿಗೆ ಸೈಕಲ್: ಹೊಸೂರು ದಾರಿಯೋ, ಕನಕಪುರ ದಾರಿಯೋ?

ಬೆಂಗಳೂರಿನಿಂದ ಕನ್ಯಾಕುಮಾರಿಗೆ ಸೈಕಲ್ ಹತ್ತುವವರು ಗೇರ್ ಬಗ್ಗೆ ಕೇಳುತ್ತಾರೆ, ಟೈರ್ ಬಗ್ಗೆ ಕೇಳುತ್ತಾರೆ. ದಾರಿ ಬಗ್ಗೆ ಮಾತ್ರ ಕೇಳುವವರು ಕಡಿಮೆ. ಮ್ಯಾಪ್‌ನಲ್ಲಿ ಹೊಸೂರು, ಸೇಲಂ, ಮಧುರೈ ಅಂತ ನೆಟ್ಟಗೆ ಒಂದು ಗೆರೆ ಕಾಣುತ್ತದಲ್ವಾ, ಅದನ್ನೇ ಹಿಡಿದು ಹೊರಡುತ್ತಾರೆ. ನಾನು ಆ ದಾರಿಯಲ್ಲೂ ಹೋಗಿದ್ದೇನೆ, ಕನಕಪುರ, ಕೊಳ್ಳೇಗಾಲ, ಸತ್ಯಮಂಗಲದ ಮೇಲೂ ಹೋಗಿದ್ದೇನೆ. ಎರಡೂ ದಿಂಡಿಗಲ್ ಹತ್ತಿರ ಸೇರುತ್ತವೆ. ಅಷ್ಟು ಹೊತ್ತಿಗೆ ಕಾಲು ಪಳಗಿರುತ್ತದೆ, ಸೀಟಿಗೆ ಮೈ ಒಗ್ಗಿರುತ್ತದೆ, ಮುಂದೆ ಯಾವ ರಸ್ತೆ ಸಿಕ್ಕರೂ ನಡೆಯುತ್ತದೆ. ಅಸಲಿ ವ್ಯತ್ಯಾಸ ಇರುವುದು ಮೊದಲ ಮೂರ್ನಾಲ್ಕು ದಿನದಲ್ಲಿ. ಆ ದಿನಗಳಿಗೆ ನನ್ನ ಓಟು ಕನಕಪುರ ದಾರಿಗೆ. ಆದರೆ ಎಲ್ಲರಿಗೂ ಅಲ್ಲ, ಎಲ್ಲ ತಿಂಗಳಲ್ಲೂ ಅಲ್ಲ.

ಹೊಸೂರು ದಾರಿ ಅಂದರೆ ರಾಷ್ಟ್ರೀಯ ಹೆದ್ದಾರಿ 44. ಶ್ರೀನಗರದಿಂದ ಕನ್ಯಾಕುಮಾರಿವರೆಗೆ ಹೋಗುವ, ದೇಶದ ಅತಿ ಉದ್ದದ ಹೆದ್ದಾರಿ. ನಮ್ಮ ಕಡೆಯ ಹಳಬರು ಇನ್ನೂ ಎನ್ ಎಚ್ 7 ಅಂತಲೇ ಕರೆಯುತ್ತಾರೆ. ಬೆಂಗಳೂರಿನಿಂದ ಕೊನೆ ಮುಟ್ಟಲು 700 ಕಿ.ಮೀ.ಗೆ ಸ್ವಲ್ಪ ಕಡಿಮೆ. ಲೆಕ್ಕದಲ್ಲಿ ಈ ದಾರಿಯನ್ನು ಸೋಲಿಸಲು ಆಗುವುದಿಲ್ಲ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ, ಸೇಲಂ 300 ಮೀಟರ್‌ಗೂ ಕೆಳಗೆ. ಶೂಲಗಿರಿ ದಾಟಿ ಕೃಷ್ಣಗಿರಿ ಕಡೆ ಇಳಿಯುವಾಗ ಪೆಡಲ್ ಸುಮ್ನೆ ತಿರುಗುತ್ತದೆ. ಗಟ್ಟಿಗರು ಒಂದೇ ದಿನದಲ್ಲಿ ಸೇಲಂ ಮುಟ್ಟುತ್ತಾರೆ, ಅದು 200 ಕಿ.ಮೀ. ಹತ್ತಿರ.

ತೊಂದರೆ ಇರುವುದೂ ಅಲ್ಲೇ. ಇಳಿಜಾರು ಮೊದಲ ದಿನ ನಿಮ್ಮಿಂದ ಜಾಸ್ತಿ ಓಡಿಸುತ್ತದೆ. ನಾನು ಎಷ್ಟು ಚೆನ್ನಾಗಿ ಹೊಡೀತಿದ್ದೀನಿ ಅಂತ ಅನ್ನಿಸುತ್ತಿರುತ್ತದೆ, ಮರುದಿನ ಬೆಳಿಗ್ಗೆ ಮಂಡಿ ಬೇರೆಯೇ ಹೇಳುತ್ತದೆ. ಜೊತೆಗೆ ಸೆಕೆ. ಧರ್ಮಪುರಿ ಬರುವ ಹೊತ್ತಿಗೆ ಬೆಂಗಳೂರಿನ ಗಾಳಿ ಮರೆತೇ ಹೋಗಿರುತ್ತದೆ. ಮಧ್ಯಾಹ್ನ ನಿಲ್ಲೋಣ ಅಂದರೆ ರಸ್ತೆ ಪಕ್ಕ ಮರವಿಲ್ಲ, ಒಂದು ಕಡೆ ಕಬ್ಬಿಣದ ತಡೆ, ಇನ್ನೊಂದು ಕಡೆ ಲಾರಿ. ಫ್ಲೈಓವರ್ ಕೆಳಗಿನ ನೆರಳೇ ಗತಿ.

ಪಂಕ್ಚರ್ ಕೂಡ ಇಲ್ಲೇ ಜಾಸ್ತಿ. ಸಿಡಿದ ಲಾರಿ ಟೈರಿನ ಚೂರುಗಳು ಬಿಳಿ ಗೆರೆಯ ಆಚೆ, ನಾವು ಓಡಿಸುವ ಜಾಗದಲ್ಲೇ ಬಿದ್ದಿರುತ್ತವೆ. ಅದರೊಳಗಿನ ಕೂದಲಿನಂಥ ಉಕ್ಕಿನ ತಂತಿ ಟೈರಿಗೆ ಚುಚ್ಚಿಕೊಂಡರೆ ಕಣ್ಣಿಗೆ ಕಾಣುವುದಿಲ್ಲ. ಟ್ಯೂಬ್ ಬದಲಾಯಿಸಿ ಮುಂದೆ ಹೋದರೆ ಮತ್ತೆ ಅಲ್ಲೇ ತೂತು. ಬೆರಳಿಗೆ ಬಟ್ಟೆ ಸುತ್ತಿ ಟೈರಿನ ಒಳಮೈ ಪೂರ್ತಿ ಸವರಿ ನೋಡಬೇಕು. ದಾರಿಯುದ್ದಕ್ಕೂ ಪಂಕ್ಚರ್ ಅಂಗಡಿಗಳಿವೆ, ಆದರೆ ಅವು ಲಾರಿಗಳಿಗೆ. ನಿಮ್ಮದು ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್ ಆದರೆ ಅವರ ಗಾಳಿ ಪೈಪ್ ಕೂರುವುದಿಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದನ್ನು ಜೇಬಿನಲ್ಲಿಟ್ಟುಕೊಳ್ಳಿ.

ಇನ್ನು ತೊಪ್ಪೂರು ಘಾಟ್. ಧರ್ಮಪುರಿ ಮತ್ತು ಸೇಲಂ ನಡುವೆ ಇರುವ ಈ ಇಳಿಜಾರು ಅಪಘಾತಗಳಿಗೆ ಹೆಸರುವಾಸಿ. ಡೀಸೆಲ್ ಉಳಿಸಲು ಲಾರಿಗಳನ್ನು ನ್ಯೂಟ್ರಲ್‌ನಲ್ಲಿ ಬಿಡುತ್ತಾರೆ, ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಸೈಕಲ್‌ನವನಿಗೆ ಬೆನ್ನ ಹಿಂದೆ ಬರುವ ಪ್ರತಿ ಹಾರನ್ನೂ ಅದೇ ಲಾರಿ ಅನ್ನಿಸುತ್ತದೆ. ಮುಂಜಾನೆ ಬೆಳಕು ಹರಿದ ಮೇಲೆ, ಎಡಕ್ಕೆ ಅಂಟಿಕೊಂಡು, ನಿಧಾನವಾಗಿ ಇಳಿಯಿರಿ. ಬಸ್ಸಿನಲ್ಲಿ ಹೋದವರಿಗೆ ಇದೊಂದು ಘಾಟ್ ಅಂತಲೂ ಗೊತ್ತಾಗಿರುವುದಿಲ್ಲ!

ಕನಕಪುರ ದಾರಿ ರಾಷ್ಟ್ರೀಯ ಹೆದ್ದಾರಿ 948, ಹಿಂದಿನ 209. ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು, ಚಾಮರಾಜನಗರ, ಆಮೇಲೆ ಕಾಡು ದಾಟಿ ಸತ್ಯಮಂಗಲ. ಅಲ್ಲಿಂದ ಗೋಬಿಚೆಟ್ಟಿಪಾಳ್ಯಂ, ಕಾಂಗೇಯಂ, ಧಾರಾಪುರಂ ಮೇಲೆ ದಿಂಡಿಗಲ್. ಒಟ್ಟು 60-70 ಕಿ.ಮೀ. ಜಾಸ್ತಿಯಾಗುತ್ತದೆ. ಕನಕಪುರದಾಚೆ ಏರು, ಇಳಿ, ಮತ್ತೆ ಏರು. ಸರಾಸರಿ ವೇಗ ನೋಡಿಕೊಂಡರೆ ಬೇಜಾರಾಗುತ್ತದೆ, ನೋಡಬೇಡಿ.

ಈ ರಸ್ತೆಯ ದೊಡ್ಡ ಗುಣ ಅಂದರೆ ಎಲ್ಲಿ ಬೇಕಾದರೂ ಕಾಲು ಕೆಳಗಿಡಬಹುದು. ಹುಣಸೆ ಮರ ಕಂಡರೆ ನಿಲ್ಲಿ, ಎಳನೀರು ಕಂಡರೆ ನಿಲ್ಲಿ. ಮೊದಲ ದಿನಗಳಲ್ಲಿ ಹೀಗೆ ನಿಲ್ಲುವುದಕ್ಕೆ ನೂರೆಂಟು ಕಾರಣ ಇರುತ್ತದೆ: ಸೀಟು ಒಂದು ಬೆರಳು ಎತ್ತರ ಆಗಿರುತ್ತದೆ, ಹಿಂದಿನ ಬ್ಯಾಗು ಹಿಮ್ಮಡಿಗೆ ತಾಗುತ್ತಿರುತ್ತದೆ, ಕ್ಯಾರಿಯರ್ ನಟ್ಟು ಸಡಿಲವಾಗಿರುತ್ತದೆ. ಮಳವಳ್ಳಿಯಲ್ಲಾಗಲಿ ಕೊಳ್ಳೇಗಾಲದಲ್ಲಾಗಲಿ ಹಳೇ ಕಾಲದ ಸೈಕಲ್ ಶಾಪು ಸಿಗುತ್ತದೆ. ಕಾರ್ಬನ್ ಫೋರ್ಕ್ ಅವರಿಗೆ ಗೊತ್ತಿಲ್ಲದಿರಬಹುದು, ಬೆಂಡಾದ ಚಕ್ರ ನೇರ ಮಾಡುವುದು ಚೆನ್ನಾಗಿಯೇ ಗೊತ್ತು. ಕೆಲಸ ಮುಗಿದ ಮೇಲೆ 'ಎಲ್ಗೋಗ್ತಿದ್ದೀಯಪ್ಪಾ' ಅಂತ ಕೇಳುತ್ತಾರೆ. ಕನ್ಯಾಕುಮಾರಿ ಅಂದರೆ ಒಂದು ಕ್ಷಣ ನೋಡಿ, 'ಬಸ್ಸಿಗೆ ಕಾಸಿಲ್ವಾ?' ಅನ್ನುತ್ತಾರೆ. ಊಟದ ಬಗ್ಗೆ ಹೇಳಬೇಕಾಗಿಯೇ ಇಲ್ಲ. ಮುದ್ದೆ, ಬಸ್ಸಾರು ತಿಂದು ಒಂದು ಗಂಟೆ ಮಲಗಿ ಎದ್ದರೆ ಸಂಜೆಯ ನಲವತ್ತು ಕಿಲೋಮೀಟರ್ ತಾನಾಗಿ ಹೋಗುತ್ತದೆ. ಕೊಳ್ಳೇಗಾಲಕ್ಕೆ ಸುಮಾರು 140 ಕಿ.ಮೀ. ಹೊಸಬರು ಮಳವಳ್ಳಿಯಲ್ಲೇ ರೂಮು ಹಿಡಿಯುವುದು ವಾಸಿ. ಮರುದಿನ ಬೆಳಿಗ್ಗೆ ಸತ್ತೇಗಾಲದ ಹತ್ತಿರ ಕಾವೇರಿ ದಾಟುತ್ತೀರಿ.

ಚಾಮರಾಜನಗರದ ನಂತರ ಆಟ ಬದಲಾಗುತ್ತದೆ. ಪುಣಜನೂರಿನಿಂದ ಬಿಳಿಗಿರಿರಂಗನ ಬೆಟ್ಟದ ಹುಲಿ ಕಾಡು, ಗಡಿ ದಾಟಿದರೆ ಸತ್ಯಮಂಗಲದ ಹುಲಿ ಕಾಡು. ಆನೆ ರಸ್ತೆಗೆ ಬರುತ್ತದೆ. ತಾಳವಾಡಿ ಕಡೆಯ ಕಬ್ಬಿನ ಲಾರಿಗಳಿಗಾಗಿ ಆಸನೂರು ಹತ್ತಿರ ಅವು ಕಾದು ನಿಲ್ಲುವುದೂ ಇದೆ. ಇಲ್ಲಿ ಸಾಹಸ ಬೇಡ. ರಾತ್ರಿ ಸಂಚಾರಕ್ಕೆ ಹೇಗೂ ನಿರ್ಬಂಧ ಇದೆ, ಸೈಕಲ್‌ನವರು ಮುಂಜಾನೆ, ಸಂಜೆಯನ್ನೂ ಬಿಟ್ಟುಬಿಡಬೇಕು. ನನ್ನನ್ನು ಚೆಕ್‌ಪೋಸ್ಟ್‌ನಲ್ಲಿ ನಿಲ್ಲಿಸಿ, ತರಕಾರಿ ಸಾಗಿಸುವ ಗೂಡ್ಸ್ ಗಾಡಿಯೊಂದಕ್ಕೆ ಸೈಕಲ್ ಹಾಕಿಸಿ, ಆಸನೂರಿನಲ್ಲಿ ಇಳಿದುಕೋ ಅಂದರು. ಅಷ್ಟು ದೂರ ಪೆಡಲ್ ಹೊಡೆಯಲಿಲ್ಲ ಅಂತ ಲೆಕ್ಕ ಕಳೆಯುವ ಸ್ನೇಹಿತರಿದ್ದಾರೆ, ಕಳೆಯಲಿ ಬಿಡಿ. ಆಸನೂರು, ತಾಳವಾಡಿ ಸೀಮೆಯವರೆಗೂ ಕನ್ನಡದಲ್ಲೇ ಮಾತು ನಡೆಯುತ್ತದೆ. ಬೇರೆ ಭಾಷೆಯ ನಾಡಿಗೆ ಸೈಕಲ್‌ನಲ್ಲಿ ಹೀಗೆ ಮೆಲ್ಲಗೆ ಜಾರಿಕೊಳ್ಳುವುದು ನನಗಂತೂ ಇಷ್ಟ.

ದಿಂಬಂ ಸುಮಾರು ಸಾವಿರ ಮೀಟರ್ ಎತ್ತರ. ಅಲ್ಲಿಂದ ಬಣ್ಣಾರಿಗೆ 27 ಹೇರ್‌ಪಿನ್ ತಿರುವು, ಪ್ರತಿಯೊಂದಕ್ಕೂ ನಂಬರ್ ಹಾಕಿದ್ದಾರೆ. ತೊಪ್ಪೂರಿಗಿಂತ ಕಡಿದಾದ ಇಳಿಜಾರು, ಆದರೂ ನನಗೆ ಇಲ್ಲೇ ಧೈರ್ಯ ಜಾಸ್ತಿ ಇತ್ತು. ಯಾಕೆಂದರೆ ಇಲ್ಲಿ ಲಾರಿಗಳೂ ತೆವಳುತ್ತವೆ. ದೊಡ್ಡ ಗಾಡಿ ತಿರುಗುವಾಗ ಇಡೀ ರಸ್ತೆ ಬೇಕಾಗುತ್ತದೆ, ನೀವು ಮೇಲೆಯೇ ನಿಂತು ದಾರಿ ಬಿಟ್ಟರೆ ಆಯಿತು. ಚಕ್ರದ ಅಂಚನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕ್ ಇದ್ದರೆ ನಾಲ್ಕೈದು ತಿರುವಿಗೊಮ್ಮೆ ನಿಂತು ಬಿಸಿ ಆರಲು ಬಿಡಿ. ಲಗೇಜನ್ನು ಬೆನ್ನಿಗೆ ಹಾಕಿಕೊಂಡವರಿಗೆ ಈ ಇಳಿಜಾರಿನಲ್ಲಿ ಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ. ಎರಡೂ ದಾರಿಗೆ ನನ್ನ ಸಲಹೆ ಒಂದೇ: ಹಿಂದಿನ ಕ್ಯಾರಿಯರ್‌ಗೆ ಎರಡು ಪಕ್ಕದ ಬ್ಯಾಗು, ಬೆನ್ನು ಖಾಲಿ.

ಮೈಸೂರು ದಾರಿಯನ್ನೂ ಕೆಲವರು ಕೇಳುತ್ತಾರೆ. ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಬೈಕು, ಸೈಕಲ್ಲಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಎದುರಿಗೆ ಬರುವ ಬೈಕುಗಳನ್ನು ತಪ್ಪಿಸಿಕೊಂಡು ಹೋಗಬೇಕು. ಬಿಡದಿ ತಟ್ಟೆ ಇಡ್ಲಿ ಬಿಟ್ಟರೆ ಅಲ್ಲಿ ನನಗೇನೂ ಸಿಗಲಿಲ್ಲ.

ಹಾಗಾದರೆ ಹೊಸೂರು ದಾರಿ ಯಾರಿಗೆ? ರಜೆ ಕಡಿಮೆ ಇರುವವರಿಗೆ, ಗುಂಪಿನಲ್ಲಿ ಹೋಗುವವರಿಗೆ, ಹಿಂದೆ ಒಂದು ಕಾರು ಬರುತ್ತಿದ್ದರೆ ಇನ್ನೂ ಒಳ್ಳೆಯದು. ಮಧ್ಯದಲ್ಲಿ ಕೈಚೆಲ್ಲಬೇಕಾಗಿ ಬಂದರೂ ಅದೇ ಅನುಕೂಲ. ಹೊಸೂರು, ಧರ್ಮಪುರಿ ಎರಡೂ ರೈಲು ಹಾದಿಯಲ್ಲಿವೆ, ಸೇಲಂ ದೊಡ್ಡ ಜಂಕ್ಷನ್, ಸೈಕಲ್ಲನ್ನು ಪಾರ್ಸೆಲ್‌ಗೆ ಹಾಕಿ ಮನೆಗೆ ಬರಬಹುದು. ಕನಕಪುರ ದಾರಿಯಲ್ಲಿ ಸತ್ಯಮಂಗಲದವರೆಗೆ ಚಾಮರಾಜನಗರ ಬಿಟ್ಟರೆ ರೈಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವುದಾದರೂ ನಾನು ಹೊಸೂರು ಕಡೆಗೇ ವಾಲುತ್ತೇನೆ. ಆಗ ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಗಾಳಿ ಧಾರಾಪುರಂ ಬಯಲಿನಲ್ಲಿ ಬಲಗಡೆಯಿಂದ ತಳ್ಳುತ್ತದೆ, ಪಕ್ಕದ ಬ್ಯಾಗು ಹಾಕಿದ ಸೈಕಲ್ ನೆಟ್ಟಗೆ ಹೋಗುವುದಿಲ್ಲ. ಡಿಸೆಂಬರ್ ಕೊನೆ, ಜನವರಿಯಾದರೆ ಯೋಚಿಸುವುದೇ ಬೇಡ, ಬನಶಂಕರಿ ದಾಟಿ ಕನಕಪುರ ರಸ್ತೆ ಹಿಡಿಯಿರಿ.