ಬಫಲೊದ ಹಿಮಕ್ಕೆ ಟೂ-ಸ್ಟೇಜ್ ಸ್ನೋ ಬ್ಲೋವರ್: ಹಲವು ಚಳಿಗಾಲ ಬಳಸಿದ ಮೇಲೆ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೊ ನಗರದ ದಕ್ಷಿಣಕ್ಕೆ, ಅಂದರೆ ಆರ್ಚರ್ಡ್ ಪಾರ್ಕ್, ಹ್ಯಾಂಬರ್ಗ್, ವೆಸ್ಟ್ ಸೆನೆಕಾ ಕಡೆ ಮನೆ ಮಾಡಿದ್ದೀರಾ? ಹಾಗಾದರೆ ಪೆಟ್ರೋಲಿನ ಟೂ-ಸ್ಟೇಜ್ ಸ್ನೋ ಬ್ಲೋವರ್, ಅಂದರೆ ಹಿಮ ಎತ್ತಿ ದೂರಕ್ಕೆ ಎಸೆಯುವ ಯಂತ್ರ ಕೊಳ್ಳಿ, ಜಾಸ್ತಿ ಯೋಚನೆ ಬೇಡ. ಉತ್ತರಕ್ಕೆ, ಆಮ್ಹರ್ಸ್ಟ್ ಅಥವಾ ಟೊನವಾಂಡ ಕಡೆ ಇದ್ದರೆ ಚಿಕ್ಕ ಯಂತ್ರವೇ ಸಾಕಾಗಬಹುದು. ಎರಡೂ ಕಡೆಗೆ ಮಧ್ಯೆ ಇರುವುದು ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಆದರೂ ಒಂದೇ ದಿನ ಅಲ್ಲಿ ಬಿಸಿಲು, ಇಲ್ಲಿ ಸೊಂಟದವರೆಗೆ ಹಿಮ ಇರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನನ್ನ ಯಂತ್ರವನ್ನು 2019ರ ಸೆಪ್ಟೆಂಬರ್‌ನಲ್ಲಿ ಕೊಂಡೆ. 28 ಇಂಚು ಅಗಲದ ಬಾಯಿ, ಎಂಜಿನ್ನಿನಿಂದಲೇ ತಿರುಗುವ ಚಕ್ರ, ನೂರು ಕಿಲೋಗೂ ಜಾಸ್ತಿ ತೂಕ. ಕಂಪನಿ ಹೆಸರು ಬರೆಯುತ್ತಿಲ್ಲ. ಈ ಬಗೆಯ ಯಂತ್ರಗಳ ಒಳಗಿನ ಏರ್ಪಾಡು ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ. ಯಾವ ಬಣ್ಣದ್ದು ಅನ್ನುವುದಕ್ಕಿಂತ ಯಾವ ಹಿಮಕ್ಕೆ ಅನ್ನುವುದು ಮುಖ್ಯ. ಅದಕ್ಕೇ ಮೊದಲು ಹಿಮದ ಮಾತು.

ಈರಿ ಸರೋವರ ಸುಮಾರು 388 ಕಿಲೋಮೀಟರ್ ಉದ್ದ. ನೈಋತ್ಯದಿಂದ ಈಶಾನ್ಯಕ್ಕೆ ಮಲಗಿದೆ. ಅದರ ಪೂರ್ವದ ತುದಿಯಲ್ಲೇ ಬಫಲೊ ಇದೆ. ನವೆಂಬರ್‌ನಲ್ಲಿ ನೀರು ಇನ್ನೂ ಬೇಸಿಗೆಯ ಬಿಸಿ ಉಳಿಸಿಕೊಂಡಿರುತ್ತದೆ. ಅದರ ಮೇಲೆ ಒಣ ತಣ್ಣನೆ ಗಾಳಿ ಬಂದಾಗ ಅದು ಕೆಳಗಿನಿಂದ ಬಿಸಿಯಾಗಿ, ತೇವ ಹೀರಿಕೊಂಡು ಮೇಲೇಳುತ್ತದೆ. ನೀರಿಗೂ ಒಂದೂವರೆ ಕಿಲೋಮೀಟರ್ ಮೇಲಿನ ಗಾಳಿಗೂ ಕಡಿಮೆ ಅಂದರೂ 13 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಇರಬೇಕು ಅನ್ನುವುದು ಹವಾಮಾನ ಬಲ್ಲವರ ಲೆಕ್ಕ. ಗಾಳಿ ಸರೋವರದ ಉದ್ದಕ್ಕೇ ಬೀಸಿದರೆ ಮೋಡಗಳೆಲ್ಲ ಒಂದೇ ಕಿರಿದಾದ ಪಟ್ಟಿಯಾಗಿ ಸೇರುತ್ತವೆ. ಇಲ್ಲಿಯವರ ಬಾಯಲ್ಲಿ ಅದು ಬ್ಯಾಂಡ್. ಗಾಳಿ ಸ್ವಲ್ಪ ಹೆಚ್ಚು ದಕ್ಷಿಣದಿಂದ ಬೀಸಿದರೆ ಬ್ಯಾಂಡ್ ಉತ್ತರದ ಊರುಗಳಿಗೆ ಹೋಗುತ್ತದೆ. ವಾಯವ್ಯದಿಂದ ಬೀಸತೊಡಗಿದರೆ ದಕ್ಷಿಣದ ಗುಡ್ಡಗಳಿಗೆ ಇಳಿಯುತ್ತದೆ. ಎರಡರ ಮಧ್ಯೆ ನಿಂತುಬಿಟ್ಟರೆ ನಮ್ಮ ಮನೆಯ ಮೇಲೆ. ನಮ್ಮೂರಿನಲ್ಲಿ ಮುಂಗಾರಿಗೆ ಮುಂಚಿನ ಮಳೆ ರಸ್ತೆಯ ಈ ಕಡೆ ಸುರಿದು ಆ ಕಡೆ ಒಣಗಿರುತ್ತದಲ್ಲ, ಹಾಗೆಯೇ ಇದಕ್ಕೂ ಅಂಚು ಇದೆ. ವ್ಯತ್ಯಾಸ ಏನೆಂದರೆ ಇದು ಅರ್ಧ ಗಂಟೆಗೆ ಮುಗಿಯುವುದಿಲ್ಲ. ಎರಡು ದಿನ ಅಲ್ಲೇ ನಿಲ್ಲಬಹುದು.

2014ರ ನವೆಂಬರ್‌ನಲ್ಲಿ ಆದದ್ದು ಅದೇ. ಲ್ಯಾಂಕಾಸ್ಟರ್, ಚೀಕ್ಟೊವಾಗ ಭಾಗದಲ್ಲಿ ಐದು ಅಡಿಗೂ ಜಾಸ್ತಿ ಬಿತ್ತು. ನಗರದ ಉತ್ತರದಲ್ಲಿ ಬಿದ್ದದ್ದು ಕೆಲವೇ ಇಂಚು. ಆಗ ತೆಗೆದ ಫೋಟೋಗಳಲ್ಲಿ ಸರೋವರದಿಂದ ಎದ್ದು ಬರುವ ಬಿಳಿ ಗೋಡೆ ಕಾಣುತ್ತದೆ. ಪಕ್ಕದಲ್ಲೇ ನೀಲಿ ಆಕಾಶ.

ಹಾಗಾಗಿ ನಾನು ಮುನ್ಸೂಚನೆಯಲ್ಲಿ ಎಷ್ಟು ಇಂಚು ಅನ್ನುವುದನ್ನು ಆಮೇಲೆ ನೋಡುತ್ತೇನೆ. ಮೊದಲು ನೋಡುವುದು ಗಾಳಿಯ ದಿಕ್ಕು. ನ್ಯಾಷನಲ್ ವೆದರ್ ಸರ್ವಿಸ್‌ನ ಬಫಲೊ ಕಚೇರಿಯವರು ಪ್ರತಿ ಮುನ್ಸೂಚನೆಯ ಜೊತೆ ಉದ್ದದ ವಿವರಣೆ ಬರೆಯುತ್ತಾರೆ. ಬ್ಯಾಂಡ್ ಎಲ್ಲಿ ಕೂರುತ್ತದೆ, ಯಾವಾಗ ಸರಿಯುತ್ತದೆ, ಅವರಿಗೆ ಎಲ್ಲಿ ಅನುಮಾನ ಇದೆ, ಎಲ್ಲ ಅದರಲ್ಲಿ ಇರುತ್ತದೆ. ಫೋನಿನ ಆ್ಯಪ್‌ನ ಹಿಮದ ಚಿತ್ರಕ್ಕಿಂತ ಅದು ನೂರು ಪಾಲು ಮೇಲು. ಅದನ್ನು ಓದಿಯೇ ರಾತ್ರಿ ಅಲಾರಂ ಇಡಬೇಕೋ ಬೇಡವೋ ಅಂತ ತೀರ್ಮಾನಿಸುತ್ತೇನೆ.

ಈಗ ಯಂತ್ರಕ್ಕೆ ಬರೋಣ. ಸಿಂಗಲ್-ಸ್ಟೇಜ್‌ನಲ್ಲಿ ನೆಲಕ್ಕೆ ತಾಗಿ ತಿರುಗುವ ಅಲಗೇ ಹಿಮವನ್ನು ಎತ್ತಿ ಎಸೆಯುತ್ತದೆ. ಐದಾರು ಇಂಚಿಗೆ ಅದು ಚೆನ್ನ. ಟೂ-ಸ್ಟೇಜ್‌ನಲ್ಲಿ ಮುಂದಿನ ಆಗರ್, ಅಂದರೆ ಸುರುಳಿಯಾಕಾರದ ಅಲಗು, ಹಿಮವನ್ನು ಕೊಯ್ದು ಒಳಗೆ ಎಳೆಯುತ್ತದೆ, ಹಿಂದೆ ಫ್ಯಾನಿನಂತೆ ತಿರುಗುವ ಇಂಪೆಲ್ಲರ್ ಅದನ್ನು ಮೇಲಿನ ಕೊಳವೆಯಿಂದ ದೂರಕ್ಕೆ ಚಿಮ್ಮಿಸುತ್ತದೆ. ಈ ದೂರ ಯಾಕೆ ಮುಖ್ಯ ಅಂದರೆ, ಡಿಸೆಂಬರ್ ಹೊತ್ತಿಗೆ ರಸ್ತೆಯಿಂದ ಗರಾಜಿಗೆ ಬರುವ ದಾರಿಯ, ಅಂದರೆ ಡ್ರೈವ್‌ವೇಯ ಎರಡೂ ಬದಿ ಎದೆಮಟ್ಟದ ದಿಬ್ಬ ಎದ್ದಿರುತ್ತದೆ. ಸಲಿಕೆಯಿಂದ ಅಷ್ಟು ಎತ್ತರಕ್ಕೆ ಎಸೆಯಲು ಆಗುವುದಿಲ್ಲ. ಈ ಯಂತ್ರ ಅದನ್ನು ದಾಟಿಸಿ ಹುಲ್ಲುಹಾಸಿನ ಆಚೆ ಹಾಕುತ್ತದೆ.

ಇದಕ್ಕೆ ಕೊಟ್ಟ ದುಡ್ಡು ವಸೂಲಾಗುವುದು ಡ್ರೈವ್‌ವೇಯ ಕೊನೆಯಲ್ಲಿ. ಟೌನಿನ ಪ್ಲೋ ಗಾಡಿ ರಸ್ತೆ ಗುಡಿಸಿಕೊಂಡು ಹೋಗುವಾಗ ನಮ್ಮ ಬಾಗಿಲಿಗೆ ಒಂದು ಅಡ್ಡಗಟ್ಟೆ ಬಿಟ್ಟು ಹೋಗುತ್ತದೆ. ಅದರಲ್ಲಿ ಉಪ್ಪು, ಕೆಸರು, ಮಂಜಿನ ಗಡ್ಡೆ ಎಲ್ಲ ಇರುತ್ತವೆ. ಒಂದು ಗಂಟೆ ಬಿಟ್ಟರೆ ಕಲ್ಲಾಗುತ್ತದೆ. ಡ್ರೈವ್‌ವೇ ಪೂರ್ತಿ ಸಲಿಕೆಯಿಂದ ತೆಗೆದವರು ಕೂಡ ಇಲ್ಲಿ ಸೋಲುತ್ತಾರೆ. ಯಂತ್ರ ಆರಿಸುವಾಗ ಈ ಗಟ್ಟೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅಗಲ ಒಂದೆರಡು ಇಂಚು ಕಡಿಮೆ ಇದ್ದರೂ ಪರವಾಗಿಲ್ಲ, ತೂಕ ಮತ್ತು ಎಂಜಿನ್ ಕಡಿಮೆ ಇರಬಾರದು. ಹಗುರವಾದವು ಗಟ್ಟೆಯ ಮೇಲೆ ಹತ್ತಿ ಕೂರುತ್ತವೆ, ಕೊಯ್ಯುವುದಿಲ್ಲ.

ಹಿಮ ಯಾವ ಬಗೆಯದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯವಾಗಿ ಒಂದು ಇಂಚು ನೀರಿಗೆ ಹತ್ತು ಇಂಚು ಹಿಮ ಅಂತಾರೆ. ಚಳಿ ಜೋರಾಗಿದ್ದಾಗ ಸರೋವರದಿಂದ ಹುಟ್ಟಿ ಬರುವ ಈ ಲೇಕ್ ಎಫೆಕ್ಟ್ ಹಿಮ ಇಪ್ಪತ್ತು, ಮೂವತ್ತು ಇಂಚೂ ಇರಬಹುದು. ಅದು ಹತ್ತಿಯಷ್ಟು ಹಗುರ, ಯಂತ್ರ ನಡೆಯುವ ವೇಗದಲ್ಲೇ ತೆಗೆಯುತ್ತದೆ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಬೀಳುವ ಒದ್ದೆ ಹಿಮದಲ್ಲೇ ತೊಂದರೆ. ಕೊಳವೆ ಕಟ್ಟುತ್ತದೆ. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ. ಎಂಜಿನ್ ನಿಲ್ಲಿಸಿ, ಎಲ್ಲವೂ ತಿರುಗುವುದು ನಿಂತ ಮೇಲೂ, ಯಂತ್ರದ ಜೊತೆ ಬರುವ ಕೋಲಿನಿಂದಲೇ ಬಿಡಿಸಿ. ಸಿಕ್ಕಿಹಾಕಿಕೊಂಡ ಇಂಪೆಲ್ಲರ್‌ನಲ್ಲಿ ಒತ್ತಡ ಉಳಿದಿರುತ್ತದೆ. ಹಿಮ ಬಿಟ್ಟ ಕೂಡಲೇ ಅದು ಒಂದು ಸುತ್ತು ತಿರುಗಬಹುದು. ಬೆರಳು ಹೋಗಲು ಅಷ್ಟು ಸಾಕು. ಒದ್ದೆ ಹಿಮದ ದಿನ ಕೊಳವೆಯ ಒಳಗೆ ಸಿಲಿಕೋನ್ ಸ್ಪ್ರೇ ಹೊಡೆದರೆ ಕಟ್ಟುವುದು ಕಡಿಮೆ ಆಗುತ್ತದೆ.

2022ರ ನವೆಂಬರ್ 17ರಿಂದ ಶುರುವಾದ ಬಿರುಗಾಳಿ ಈ ಯಂತ್ರಕ್ಕೆ ನಿಜವಾದ ಪರೀಕ್ಷೆ. ಆರ್ಚರ್ಡ್ ಪಾರ್ಕ್, ಹ್ಯಾಂಬರ್ಗ್ ಎರಡರಲ್ಲೂ ಸುಮಾರು 80 ಇಂಚು ಬಿತ್ತು. ಅಂದರೆ ಆರೂವರೆ ಅಡಿಗೂ ಜಾಸ್ತಿ. ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಬಫಲೊ ಬಿಲ್ಸ್ ತನ್ನ ಮನೆಯಂಗಳದ ಪಂದ್ಯವನ್ನು ಡೆಟ್ರಾಯಿಟ್‌ನಲ್ಲಿ ಆಡಬೇಕಾಯಿತು. ಗುಡುಗು ಮಿಂಚಿನ ಜೊತೆ ಹಿಮ ಸುರಿಯುವುದನ್ನು ನೀವು ನೋಡಿಲ್ಲ ಅಂದರೆ ಹೇಳಿ ತಿಳಿಸುವುದು ಕಷ್ಟ. ಸದ್ದು ಹಿಮದಲ್ಲಿ ಹೂತು ಮಂಕಾಗಿ ಕೇಳುತ್ತದೆ, ಬೆಳಕು ಮಾತ್ರ ಎಲ್ಲ ಕಡೆಯಿಂದ ಬರುತ್ತದೆ.

ನನ್ನ ಯಂತ್ರದ ಬಾಯಿ 21 ಇಂಚು ಎತ್ತರ. ಗಂಟೆಗೆ ಎರಡು ಮೂರು ಇಂಚು ಬೀಳುವಾಗ ಅದು ಎಷ್ಟು ಹೊತ್ತಿನ ಮಾತು ಅಂತ ನೀವೇ ಲೆಕ್ಕ ಹಾಕಿ. ಹಿಮ ನಿಂತ ಮೇಲೆ ತೆಗೆದರಾಯಿತು ಅಂತ ಕೂತರೆ ಯಂತ್ರ ಇದ್ದೂ ಪ್ರಯೋಜನ ಇಲ್ಲ. ಹಾಗಾಗಿ ಐದಾರು ಗಂಟೆಗೊಮ್ಮೆ ಹೊರಗೆ ಹೋದೆ, ನಡುರಾತ್ರಿಯೂ ಹೋದೆ. ತೆಗೆದ ಜಾಗ ಒಳಗೆ ಬಂದು ಚಹಾ ಕುಡಿಯುವಷ್ಟರಲ್ಲಿ ಮತ್ತೆ ಬೆಳ್ಳಗಾಗಿರುತ್ತಿತ್ತು. ಆದರೆ ಪ್ರತಿ ಸಲವೂ ಯಂತ್ರಕ್ಕೆ ದಕ್ಕುವಷ್ಟೇ ಹಿಮ ಇತ್ತು. ನನಗೆ ಈ ಯಂತ್ರದ ಮೇಲೆ ಪ್ರೀತಿ ಬಂದದ್ದು ಆಗಲೇ. ಕೈ ಹಿಡಿ ಬೆಚ್ಚಗಾಗುವ ವ್ಯವಸ್ಥೆ, ಮುಂದಿನ ದೀಪ, ಇವನ್ನು ಅಂಗಡಿಯಲ್ಲಿ ನೋಡಿದಾಗ ಶೋಕಿ ಅನ್ನಿಸುತ್ತದೆ. ಮೈನಸ್ ಎಂಟರ ಗಾಳಿಯಲ್ಲಿ ರಾತ್ರಿ ಎರಡಕ್ಕೆ ಅವು ಶೋಕಿ ಅಲ್ಲ.

ಅದೇ ಬಿರುಗಾಳಿಯ ಎರಡನೆಯ ದಿನ ಆಗರ್ ಬೆಲ್ಟ್ ಕಿತ್ತುಹೋಯಿತು. ಇಂಥ ಹೊತ್ತಿನಲ್ಲಿ ಅಂಗಡಿ ತೆರೆದಿರುವುದಿಲ್ಲ, ತೆರೆದಿದ್ದರೂ ಟ್ರಾವೆಲ್ ಬ್ಯಾನ್, ಅಂದರೆ ವಾಹನ ಓಡಿಸಬಾರದೆಂಬ ಸರ್ಕಾರಿ ಆದೇಶ, ಇರುವಾಗ ಕಾರು ತೆಗೆಯುವಂತಿಲ್ಲ. ಎದುರು ಮನೆಯವರು ತಮ್ಮ ಯಂತ್ರ ತಂದು ನಮ್ಮದನ್ನೂ ತೆಗೆದುಕೊಟ್ಟರು. ಆಮೇಲೆ ರಿಪೇರಿಗೆ ಕೊಟ್ಟರೆ ವಾರಗಟ್ಟಲೆ ಕಾಯಿಸಿದರು. ಆ ಸಮಯದಲ್ಲಿ ಎಲ್ಲರ ಯಂತ್ರವೂ ಅಲ್ಲೇ ಸಾಲಿನಲ್ಲಿ ನಿಂತಿರುತ್ತದೆ. ಈಗ ಗರಾಜಿನ ಗೋಡೆಗೆ ಆಗರ್‌ನದು, ಚಕ್ರದ್ದು ಎರಡೂ ಬೆಲ್ಟ್ ಹೆಚ್ಚುವರಿ ನೇತುಹಾಕಿದ್ದೇನೆ. ಬದಲಾಯಿಸುವುದನ್ನೂ ಕಲಿತಿದ್ದೇನೆ. ಎರಡು ಸ್ಪ್ಯಾನರ್, ಮುಕ್ಕಾಲು ಗಂಟೆ.

ಶಿಯರ್ ಪಿನ್ ಬಗ್ಗೆ ಹೊಸಬರು ಗಾಬರಿಯಾಗುತ್ತಾರೆ. ಆಗರ್ ಮಂಜುಗಡ್ಡೆಗೋ, ಹಿಮದಲ್ಲಿ ಹೂತ ದಿನಪತ್ರಿಕೆಗೋ ಬಡಿದಾಗ ಈ ಚಿಕ್ಕ ಬೋಲ್ಟ್ ಮುರಿಯುತ್ತದೆ. ಮುರಿಯಲಿ ಅಂತಲೇ ಇಟ್ಟಿರುವುದು. ಅದು ಮುರಿಯದಿದ್ದರೆ ಗೇರ್‌ಬಾಕ್ಸ್ ಮುರಿಯುತ್ತದೆ. ಕೆಲವರು ಪದೇ ಪದೇ ಬದಲಾಯಿಸುವ ಕಿರಿಕಿರಿಗೆ ಗಟ್ಟಿ ಬೋಲ್ಟ್ ಹಾಕುತ್ತಾರೆ, ಅದನ್ನು ಮಾತ್ರ ಮಾಡಬೇಡಿ.

ಪೆಟ್ರೋಲಿನದೇ ಇನ್ನೊಂದು ಗೋಳು. ಇಲ್ಲಿನ ಬಂಕ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಎಥನಾಲ್ ಬೆರೆಸಿದ್ದು. ಬೇಸಿಗೆಯಿಡೀ ಟ್ಯಾಂಕ್‌ನಲ್ಲಿ ಬಿಟ್ಟರೆ ಕಾರ್ಬ್ಯುರೇಟರ್ ಒಳಗೆ ಅಂಟು ಕಟ್ಟುತ್ತದೆ. ಈ ಯಂತ್ರಗಳು ಮೊದಲ ಹಿಮದ ದಿನ ಶುರುವಾಗದೆ ಇರಲು ದೊಡ್ಡ ಕಾರಣ ಇದೇ. ಏಪ್ರಿಲ್‌ನಲ್ಲಿ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ ಇಡುತ್ತೇನೆ. ಚಳಿಗಾಲದಲ್ಲಿ ಎಥನಾಲ್ ಇಲ್ಲದ ಪೆಟ್ರೋಲ್, ಅದು ಕೆಡದಂತೆ ಸ್ವಲ್ಪ ಸ್ಟೆಬಿಲೈಸರ್. ಎಣ್ಣೆ ವರ್ಷಕ್ಕೊಮ್ಮೆ, 5ಡಬ್ಲ್ಯೂ-30. ಇಷ್ಟು ಮಾಡಿದರೆ ಸಾಕು, ಇದುವರೆಗೆ ಎಂಜಿನ್ ಕೈಕೊಟ್ಟಿಲ್ಲ.

ಯಂತ್ರದಿಂದ ಏನೂ ಆಗದ ಹೊತ್ತೂ ಇದೆ. 2022ರ ಡಿಸೆಂಬರ್ 23ರಿಂದ ಕ್ರಿಸ್‌ಮಸ್‌ವರೆಗೆ ಬೀಸಿದ ಹಿಮಗಾಳಿಯಲ್ಲಿ ಇದನ್ನು ಗರಾಜಿನಿಂದ ಹೊರಗೇ ತೆಗೆಯಲಿಲ್ಲ. ಬಫಲೊ ವಿಮಾನ ನಿಲ್ದಾಣದಲ್ಲಿ ಹಿಮಗಾಳಿಯ ಸ್ಥಿತಿ 37 ಗಂಟೆ ಇತ್ತು, ಒಟ್ಟು 50 ಇಂಚಿಗೂ ಜಾಸ್ತಿ ಹಿಮ ಬಿತ್ತು. ಗಾಳಿ ಗಂಟೆಗೆ 110 ಕಿಲೋಮೀಟರ್ ದಾಟಿತ್ತು. ಚಾಚಿದ ಕೈ ಕಾಣದ ಗಾಳಿಯಲ್ಲಿ ಎಸೆದ ಹಿಮ ಮುಖಕ್ಕೇ ಬರುತ್ತದೆ. ಆಂಬುಲೆನ್ಸ್, ಅಗ್ನಿಶಾಮಕದ ಗಾಡಿಗಳೇ ಹೂತುಹೋದವು. ಬಫಲೊ ಇರುವ ಈರಿ ಕೌಂಟಿಯಲ್ಲಿ 40ಕ್ಕೂ ಹೆಚ್ಚು ಜನ ತೀರಿಕೊಂಡರು. ಕಾರಿನಲ್ಲಿ, ರಸ್ತೆಯಲ್ಲಿ, ಬಿಸಿ ಇಲ್ಲದ ಮನೆಯಲ್ಲಿ. ಅದನ್ನು ಈಗಲೂ ಸುಲಭವಾಗಿ ನೆನೆಯಲು ಆಗುವುದಿಲ್ಲ. ಅಂಥ ದಿನ ಬೇಕಾಗುವುದು ಮನೆಯೊಳಗೆ ಔಷಧ, ನೀರು, ಅಕ್ಕಿ ಬೇಳೆ, ಬ್ಯಾಟರಿ ದೀಪ, ಮತ್ತು ಹೊರಗೆ ಹೋಗದಿರುವ ಗಟ್ಟಿ ಮನಸ್ಸು.

ಇನ್ನೊಂದು ವಿಷಯ, ಇದನ್ನು ಯಂತ್ರಕ್ಕಿಂತ ಮುಂಚೆ ಕೊಳ್ಳಿ: ಕಾರ್ಬನ್ ಮೊನಾಕ್ಸೈಡ್ ಅಲಾರಂ. ಮನೆ ಬಿಸಿ ಮಾಡುವ ಇಲ್ಲಿನ ಹೊಸ ಫರ್ನೆಸ್‌ಗಳ ಹೊಗೆ ಗೋಡೆಯ ಪಕ್ಕದ ಬಿಳಿ ಪೈಪಿನಿಂದ ಹೊರಹೋಗುತ್ತದೆ. ಹಿಮ ಅದನ್ನು ಮುಚ್ಚಿದರೆ ಫರ್ನೆಸ್ ನಿಲ್ಲುತ್ತದೆ, ಇಲ್ಲವೇ ವಿಷಗಾಳಿ ಒಳಗೆ ಉಳಿಯುತ್ತದೆ. ನಾನು ಪ್ರತಿ ಸಲ ಯಂತ್ರ ತೆಗೆಯುವ ಮುಂಚೆ ಆ ಪೈಪಿನ ಸುತ್ತ ಕೈಯಿಂದಲೇ ಬಿಡಿಸುತ್ತೇನೆ. ಯಂತ್ರವನ್ನು ಗರಾಜಿನ ಒಳಗೆ ಚಾಲೂ ಮಾಡಲೇಬೇಡಿ, ಬಾಗಿಲು ತೆರೆದಿದ್ದರೂ ಬೇಡ.

ಪ್ಲೋ ಕಾಂಟ್ರಾಕ್ಟ್ ಸಾಲದೇ ಅಂತ ಹಲವರು ಕೇಳುತ್ತಾರೆ. ಯಂತ್ರ ಕೊಳ್ಳುವ ಮುಂಚೆ ನಾವೂ ಸೀಸನ್‌ಗೆ ಇಷ್ಟು ಅಂತ ಕೊಟ್ಟಿದ್ದೆವು. ಆರು ಇಂಚು ಬಿದ್ದ ದಿನ ಸರಿಯಾಗಿ ಬಂದರು. ನಾಲ್ಕು ಅಡಿ ಬಿದ್ದ ದಿನ ಬರಲಿಲ್ಲ. ಪಿಕಪ್ ಗಾಡಿಯ ಪ್ಲೋಗೆ ಅಷ್ಟು ಹಿಮ ತಳ್ಳಲು ಆಗುವುದೂ ಇಲ್ಲ. ಬ್ಯಾಟರಿಯ ಬ್ಲೋವರ್‌ಗಳು ಈಗ ಚೆನ್ನಾಗಿವೆ, ಸದ್ದಿಲ್ಲ, ಹೊಗೆಯಿಲ್ಲ. ಆಮ್ಹರ್ಸ್ಟ್‌ನಲ್ಲಿರುವ ಗೆಳೆಯರಿಗೆ ಅದನ್ನೇ ಹೇಳಿದ್ದೇನೆ. ಆದರೆ ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಮತ್ತೆ ತುಂಬುವಷ್ಟರಲ್ಲಿ ನಮ್ಮ ಕಡೆ ಇನ್ನೊಂದು ಅಡಿ ಬಿದ್ದಿರುತ್ತದೆ.

ಊರಿನಿಂದ ಅಪ್ಪ ಅಮ್ಮ ಚಳಿಗಾಲದಲ್ಲಿ ಬಂದಿದ್ದರೆ ಒಂದು ಮಾತು. ಹಿಮ ನೋಡಿದ ಖುಷಿಗೆ ಅವರು ಸಲಿಕೆ ಹಿಡಿದು ಹೊರಟುಬಿಡುತ್ತಾರೆ. ನಮ್ಮ ಅಪ್ಪನೂ ಹಾಗೇ, ಸುಮ್ನೆ ಕೂರುವವರಲ್ಲ. ತಣ್ಣನೆ ಗಾಳಿಗೆ ರಕ್ತನಾಳ ಬಿಗಿಯುತ್ತದೆ, ಅದೇ ಹೊತ್ತಿಗೆ ಭಾರ ಎತ್ತಿದರೆ ಹೃದಯಕ್ಕೆ ವಿಪರೀತ ಕೆಲಸ. 2022ರ ನವೆಂಬರ್‌ನಲ್ಲೂ ಇಲ್ಲಿ ಹಿಮ ತೆಗೆಯುವಾಗ ಹೃದಯ ನಿಂತು ಜನ ತೀರಿಕೊಂಡರು. ಬಿಪಿ, ಶುಗರ್ ಇರುವವರ ಕೈಗೆ ಸಲಿಕೆ ಕೊಡಬೇಡಿ. ನಾನು ಇಷ್ಟು ದುಡ್ಡು ಹಾಕಿ ಯಂತ್ರ ಕೊಂಡ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಯಂತ್ರ ಇದ್ದವರು ನಮ್ಮ ರಸ್ತೆಯಲ್ಲಿ ತಮ್ಮದಷ್ಟೇ ತೆಗೆದು ಒಳಗೆ ಹೋಗುವುದಿಲ್ಲ. ಮೂಲೆ ಮನೆಯ ಅಜ್ಜಿಯ ಡ್ರೈವ್‌ವೇ, ಅದರಾಚೆಯ ಫೈರ್ ಹೈಡ್ರಂಟ್ (ಅಗ್ನಿಶಾಮಕದವರಿಗೆ ನೀರು ಕೊಡುವ ರಸ್ತೆಬದಿಯ ನಲ್ಲಿ), ಇವೆರಡೂ ನನ್ನ ಪಾಲು. ಹೈಡ್ರಂಟ್ ಹೂತಿದ್ದರೆ ಬೆಂಕಿ ಬಿದ್ದ ದಿನ ಹುಡುಕಲು ಸಮಯ ಇರುವುದಿಲ್ಲ, ಅಲ್ವಾ? ಯಂತ್ರದ ಕೊಳವೆಯನ್ನು ರಸ್ತೆಯ ಕಡೆ ತಿರುಗಿಸಲೇಬೇಡಿ. ಅದು ನ್ಯೂಯಾರ್ಕ್ ಕಾನೂನಿಗೆ ವಿರುದ್ಧ, ಅಲ್ಲಿ ಬರುವ ಕಾರಿಗೆ ಅಪಾಯ.

ಸದ್ಯ ಈ ಅಳತೆಯ ಒಳ್ಳೆಯ ಯಂತ್ರಕ್ಕೆ ಸಾವಿರ ಡಾಲರ್‌ನಿಂದ ಮೇಲೆ ಇಟ್ಟುಕೊಳ್ಳಿ. ಕೊಳ್ಳುವುದಾದರೆ ಸೆಪ್ಟೆಂಬರ್‌ನಲ್ಲೇ ಕೊಳ್ಳಿ. 2006ರಲ್ಲಿ ಅಕ್ಟೋಬರ್ 12ಕ್ಕೇ ಎರಡು ಅಡಿಯಷ್ಟು ಹಿಮ ಬಿದ್ದು, ಎಲೆ ಉದುರದ ಮರಗಳೆಲ್ಲ ಮುರಿದು ಊರಿಗೆ ಊರೇ ಕತ್ತಲಾಗಿತ್ತು ಅಂತ ಇಲ್ಲಿನ ಹಳಬರು ಇವತ್ತಿಗೂ ಹೇಳುತ್ತಾರೆ. ಎಚ್ಚರಿಕೆ ಬಂದ ಮೇಲೆ ಅಂಗಡಿಗೆ ಹೋದರೆ ಬರೀ ಸಲಿಕೆ ಸಿಗುತ್ತದೆ. ಬಿಲ್ ಮಾಡಿಸುವಾಗಲೇ ಎರಡು ಬೆಲ್ಟ್, ಒಂದು ಪ್ಯಾಕೆಟ್ ಶಿಯರ್ ಪಿನ್ ಸೇರಿಸಿಕೊಳ್ಳಿ.