ಮೊದಲು ಜಾಝ್ ಕೇಳೋದಾ, ರಾಕ್ ಕೇಳೋದಾ?

ಪೂರ್ತಿ ಆಲ್ಬಂ ಕೇಳೋ ಅಭ್ಯಾಸ ಶುರು ಮಾಡಬೇಕು ಅಂತಿದ್ದೀರಾ? ಜಾಝ್‌ಗೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ ‘ಕೈಂಡ್ ಆಫ್ ಬ್ಲೂ’, ರಾಕ್‌ಗೆ ಪಿಂಕ್ ಫ್ಲಾಯ್ಡ್ ತಂಡದ 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ತಗೊಳ್ಳಿ. ಎರಡೂ ಮುಕ್ಕಾಲು ಗಂಟೆ ಆಸುಪಾಸು.

ಬೇಗ ಹಿಡಿಸೋದು ಪಿಂಕ್ ಫ್ಲಾಯ್ಡ್. ಸಾಹಿತ್ಯ ಇದೆ, ಒಂದು ಹಾಡು ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತದೆ. ಓದುತ್ತಾ ಕೇಳೋಕೆ ಮಾತ್ರ ಬೇಡ, ನಡುವೆ ಗಡಿಯಾರಗಳು ಒಟ್ಟಿಗೇ ಬಡಿದು ಬೆಚ್ಚಿಬೀಳಿಸುತ್ತವೆ!

ಡೇವಿಸ್ ಆಲ್ಬಂನಲ್ಲಿ ಹಾಡುವವರೇ ಇಲ್ಲ. ಕಾರ್ಡ್‌ಗಳು (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಪಟಪಟ ಬದಲಾಗದೆ, ವಾದಕರು ಕೆಲವೇ ಸ್ವರಶ್ರೇಣಿಗಳ ಮೇಲೆ ಸಂಗೀತವನ್ನು ನಿಧಾನವಾಗಿ ಬೆಳೆಸುತ್ತಾ ಹೋಗುತ್ತಾರೆ, ಹಾಗಾಗಿ ಜಾಝ್ ಅಂದರೆ ಹೆದರುವವರಿಗೂ ಉಸಿರಾಡಲು ಜಾಗ ಸಿಗುತ್ತದೆ. ಕೆಲಸದ ಜೊತೆಗೂ ನಡೆಯುತ್ತದೆ, ಆದರೆ ಸುಮ್ನೆ ಹಿನ್ನೆಲೆಗೆ ಬಿಟ್ಟರೆ ಇದರಲ್ಲಿ ಜೊತೆಗೆ ನುಡಿಸಿರೋ ಜಾನ್ ಕೋಲ್ಟ್ರೇನ್ ಅವರ ಸ್ಯಾಕ್ಸೊಫೋನ್ ಕೈತಪ್ಪುತ್ತದೆ. ಮತ್ತೆ ಮತ್ತೆ ಕೇಳಿದಾಗ ನನಗೆ ಜಾಸ್ತಿ ಹೊಸದು ಸಿಕ್ಕಿದ್ದು ಇದರಲ್ಲೇ.

ಹೆಡ್‌ಫೋನ್ ಹಾಕಿ, ಬೇರೆ ಕೆಲಸ ಇಟ್ಟುಕೊಳ್ಳದೆ ಕೂರುವವರಾದರೆ ಪಿಂಕ್ ಫ್ಲಾಯ್ಡ್. ಪದಗಳ ಗಲಾಟೆ ಬೇಡ ಅನ್ನೋ ದಿನಕ್ಕೆ ಡೇವಿಸ್.