ಎನ್‌ವಿಡಿಯಾ ಡ್ರೈವರ್: ನೌವೋ, ರನ್ ಫೈಲ್, ಡಿಸ್ಟ್ರೋ ಪ್ಯಾಕೇಜ್ ಮೂರೂ ಹಾಕಿ ನೋಡಿದೆ

ಎನ್‌ವಿಡಿಯಾದ ಟ್ಯೂರಿಂಗ್ ತಲೆಮಾರಿನ ಗ್ರಾಫಿಕ್ಸ್ ಕಾರ್ಡ್ ಇರೋ ಒಂದೇ ಲಿನಕ್ಸ್ ಮಷೀನಲ್ಲಿ ಈ ಮೂರು ಥರದ ಡ್ರೈವರನ್ನೂ ಹಾಕಿ, ತೆಗ್ದು, ಮತ್ತೆ ಹಾಕಿ ನೋಡಿದೀನಿ. ಗೇಮಲ್ಲಿ ಎಷ್ಟು ಫ್ರೇಮ್ ಬರತ್ತೆ ಅನ್ನೋದು ಆಮೇಲಿನ ಮಾತು, ಕರ್ನಲ್ (ಲಿನಕ್ಸಿನ ತಿರುಳು) ಅಪ್‌ಡೇಟ್ ಆದ್ಮೇಲೆ ಡೆಸ್ಕ್‌ಟಾಪ್ ಬರತ್ತಾ ಇಲ್ವಾ, ನಾನು ನೋಡಿದ್ದು ಅದನ್ನೇ.

ನೌವೋ ಅನ್ನೋದು ಓಪನ್ ಸೋರ್ಸ್ ಡ್ರೈವರ್, ಕರ್ನಲ್ ಜೊತೆಗೇ ಬರತ್ತೆ, ಹಾಕೋ ಕೆಲ್ಸಾನೇ ಇಲ್ಲ. ಬ್ರೌಸರು, ಟೈಪಿಂಗು ಇಷ್ಟಕ್ಕೆ ಧಾರಾಳ ಸಾಕು. ಆದ್ರೆ ಕುಡಾ (ಕಾರ್ಡಲ್ಲೇ ಲೆಕ್ಕ ಮಾಡ್ಸೋ ಎನ್‌ವಿಡಿಯಾ ವ್ಯವಸ್ಥೆ) ಇಲ್ಲ, ಟ್ಯೂರಿಂಗ್‌ಗಿಂತ ಹಳೇ ಪ್ಯಾಸ್ಕಲ್ ಕಾಲದ ಕಾರ್ಡಾದ್ರೆ ಕ್ಲಾಕ್ ಏರ್ಸೋಕೂ ಆಗಲ್ಲ, ಬೂಟ್ ಆದಾಗ ಇದ್ದ ಸ್ಪೀಡಲ್ಲೇ ತೆವಳ್ತಾ ಇರತ್ತೆ.

ಕಂಪನಿ ಸೈಟಿಂದ ಇಳ್ಸೋ ರನ್ ಫೈಲ್ ನೋಡೋಕೆ ಸುಲಭ, ಹೊಸ ವರ್ಷನ್ ಮೊದ್ಲು ಸಿಗೋದೂ ಅಲ್ಲೇ. ಹಾಕೋಕೆ ಮುಂಚೆ ನೌವೋನ ಬ್ಲಾಕ್‌ಲಿಸ್ಟ್ ಮಾಡ್ಬೇಕು (ಲೋಡ್ ಆಗದ ಹಾಗೆ ತಡೀಬೇಕು), ಡೆಸ್ಕ್‌ಟಾಪ್ ನಿಲ್ಸಿ ಟೆಕ್ಸ್ಟ್ ಕನ್ಸೋಲ್‌ಗೆ ಹೋಗ್ಬೇಕು, ಕಂಪೈಲರು, ಓಡ್ತಿರೋ ಕರ್ನಲ್‌ಗೆ ಸರಿಯಾದ ಹೆಡರ್ಸು (ಡ್ರೈವರ್ ಬಿಲ್ಡ್ ಮಾಡೋಕೆ ಬೇಕಾದ ಫೈಲ್‌ಗಳು) ಇರ್ಬೇಕು, ಇಷ್ಟೆಲ್ಲಾ ಮಾಡಿದ್ರೂ ಡಿಕೆಎಂಎಸ್‌ಗೆ (ಕರ್ನಲ್ ಬದಲಾದಾಗೆಲ್ಲ ಡ್ರೈವರನ್ನ ತಾನೇ ಮತ್ತೆ ಬಿಲ್ಡ್ ಮಾಡೋ ಟೂಲ್) ಸೇರಿಸ್ದೆ ಹೋದ್ರೆ ಆ ಮಾಡ್ಯೂಲ್ (ಕರ್ನಲ್ ಒಳಗೆ ಸೇರೋ ಡ್ರೈವರ್ ಭಾಗ) ಅವತ್ತಿನ ಕರ್ನಲ್‌ಗೆ ಮಾತ್ರ, ಮುಂದಿನ ಅಪ್‌ಡೇಟ್‌ಗೆ ಕಪ್ಪು ಸ್ಕ್ರೀನು ಗ್ಯಾರಂಟಿ. ಇನ್ನೊಂದು, ಅದು ಬರೆದಿಟ್ಟ ಲೈಬ್ರರಿಗಳು ಪ್ಯಾಕೇಜ್ ಮ್ಯಾನೇಜರ್ ಲೆಕ್ಕದಲ್ಲೇ ಇರಲ್ಲ. ಪ್ಯಾಕೇಜ್‌ಗೆ ಬದಲಾಯಿಸೋ ಮುಂಚೆ ಅದೇ ಫೈಲನ್ನ ಅನ್‌ಇನ್‌ಸ್ಟಾಲ್ ಆಪ್ಷನ್ ಕೊಟ್ಟು ಓಡ್ಸಿ, ಇಲ್ಲಾಂದ್ರೆ ಎರಡೂ ಕಲಸುಮೇಲೋಗರ.

ನನ್ನ ವೋಟು ಡಿಸ್ಟ್ರೋ (ಉಬುಂಟು, ಫೆಡೋರಾ ಥರದ ಲಿನಕ್ಸ್) ಪ್ಯಾಕೇಜ್‌ಗೇ. ಉಬುಂಟುನಲ್ಲಿ 'ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್' ಅಂದ್ರೆ ಮುಗೀತು. ಫೆಡೋರಾದಲ್ಲಿ ಆರ್‌ಪಿಎಂ ಫ್ಯೂಷನ್ ಅನ್ನೋ ಹೊರಗಿನ ಪ್ಯಾಕೇಜ್ ಭಂಡಾರ ಸೇರ್ಸಿ ಎಕೆಮಾಡ್ (ಮಾಡ್ಯೂಲನ್ನ ನಿಮ್ಮ ಮಷೀನಲ್ಲೇ ಬಿಲ್ಡ್ ಮಾಡೋ ಪ್ಯಾಕೇಜ್) ಹಾಕ್ಬೇಕು, ಹಾಕಿದ ಕೂಡ್ಲೇ ರೀಬೂಟ್ ಒತ್ಬೇಡಿ ಮಾರಾಯ್ರೆ, ಹಿಂದೆ ಮಾಡ್ಯೂಲ್ ಬಿಲ್ಡ್ ಆಗ್ತಾ ಇರತ್ತೆ, 'ಮಾಡ್‌ಇನ್ಫೋ' ಕಮಾಂಡಲ್ಲಿ ಕೇಳಿದ್ರೆ ವರ್ಷನ್ ನಂಬರ್ ತೋರಿಸ್ಬೇಕು, ಅಲ್ಲೀವರ್ಗೂ ಕಾಯಿರಿ.

ಇದ್ರಲ್ಲೂ ತಲೆನೋವು ಅಂದ್ರೆ ಸೆಕ್ಯೂರ್ ಬೂಟ್, ಅಂದ್ರೆ ನಂಬಿಕೆಯ ಸಹಿ ಇಲ್ಲದ ಕೋಡನ್ನ ಲೋಡ್ ಆಗೋಕೆ ಬಿಡದ ವ್ಯವಸ್ಥೆ. ಡ್ರೈವರ್ ಹಾಕಿದೀನಿ ಆದ್ರೂ ಎನ್‌ವಿಡಿಯಾ-ಎಸ್‌ಎಂಐ (ಕಾರ್ಡ್ ಸ್ಥಿತಿ ತೋರ್ಸೋ ಕಮಾಂಡ್) ಡ್ರೈವರೇ ಸಿಗ್ತಿಲ್ಲ ಅನ್ನತ್ತೆ ಅನ್ನೋರು ಮೊದ್ಲು 'ಮೋಕ್‌ಯುಟಿಲ್' ಓಡ್ಸಿ ಸೆಕ್ಯೂರ್ ಬೂಟ್ ಆನ್ ಇದ್ಯಾ ನೋಡಿ. ಆನ್ ಇದ್ದು, ಮಾಡ್‌ಪ್ರೋಬ್ ಮಾಡ್ದಾಗ (ಮಾಡ್ಯೂಲ್ ಲೋಡ್ ಮಾಡ್ದಾಗ) 'ಕೀ ವಾಸ್ ರಿಜೆಕ್ಟೆಡ್' ಅಂತ ಬಂದ್ರೆ ಮಾಡ್ಯೂಲ್‌ಗೆ ಒಪ್ಪೋ ಸಹಿ ಇಲ್ಲ ಅಂತರ್ಥ, ಕೀ ಎನ್‌ರೋಲ್ ಮಾಡಿ, ರೀಬೂಟ್ ಆದಾಗ ಬರೋ ನೀಲಿ ಸ್ಕ್ರೀನಲ್ಲಿ ಪಾಸ್‌ವರ್ಡ್ ಕೊಟ್ಟು ಒಪ್ಪಿಸ್ಬೇಕು. ಆ ಸ್ಕ್ರೀನ್ ಸ್ವಲ್ಪ ಹೊತ್ತೇ ಇರತ್ತೆ, ಟೀಗೆ ಎದ್ದು ಹೋದ್ರೆ ಮತ್ತೆ ಮೊದ್ಲಿಂದ. 'ವರ್ಷನ್ ಮಿಸ್‌ಮ್ಯಾಚ್' ಅಂತ ಬಂದ್ರೆ ಗಾಬರಿ ಬೇಡ, ಅಪ್‌ಡೇಟ್ ಆದ್ರೂ ಹಳೇ ಮಾಡ್ಯೂಲೇ ಮೆಮೊರಿಲಿ ಕೂತಿರತ್ತೆ, ಒಂದು ರೀಬೂಟ್ ಸಾಕು.

2022ರಲ್ಲಿ ಎನ್‌ವಿಡಿಯಾದಿಂದಲೇ ಬಂದ ಓಪನ್ ಸೋರ್ಸ್ ಕರ್ನಲ್ ಮಾಡ್ಯೂಲೂ ಪ್ಯಾಕೇಜಾಗೇ ಸಿಗತ್ತೆ. ಟ್ಯೂರಿಂಗ್‌ಗೆ, ಅದರ ನಂತರದ ಕಾರ್ಡ್‌ಗೆ ಓಕೆ, ಹೊಸ ತಲೆಮಾರಿನ ಬ್ಲ್ಯಾಕ್‌ವೆಲ್‌ಗಂತೂ ಅದೇ ಬೇಕು. ಪ್ಯಾಸ್ಕಲ್ ಇಟ್ಕೊಂಡಿರೋರು ಆ ಕಡೆ ಹೋಗ್ಬೇಡಿ, 580 ಸೀರೀಸಿನ ಪ್ರೊಪ್ರೈಟರಿ (ಕೋಡ್ ತೆರೆದಿಡದ) ಪ್ಯಾಕೇಜ್ ಹಾಕಿ, ಅವಕ್ಕೆ ಸಪೋರ್ಟ್ ಇರೋ ಕೊನೇ ಸೀರೀಸ್ ಅದು.